ಜೈಲಿನ ಬಾಗಿಲಾಚೆಯ ಹದಿನಾಲ್ಕು ದಿನ



ಬಿಡುಗಡೆ ಎಂದರೆ ನಮಗೆಲ್ಲ ಸಂತಸದ ಮಾತು. ಮಾದಕ ವ್ಯಸನವಿದ್ದ ಕೈದಿಗೆ ಅದೇ ಅತಿ ಅಪಾಯದ ಹೊತ್ತು. ವಾಷಿಂಗ್ಟನ್ ರಾಜ್ಯದ ಸೆರೆಮನೆಗಳಿಂದ ಹೊರಬಂದವರ ಕುರಿತು 2007ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅದರಂತೆ, ಮೊದಲ ಎರಡು ವಾರಗಳಲ್ಲಿ ಅವರು ಡ್ರಗ್ಸ್ ಮಿತಿಮೀರಿ ಸಾಯುವ ಸಂಭವ ಸಾಮಾನ್ಯ ಜನರಿಗಿಂತ 129 ಪಟ್ಟು ಹೆಚ್ಚು. ಒಳಗಿದ್ದಾಗ ದೇಹದ ತಾಳಿಕೆ ಇಳಿದಿರುತ್ತದೆ. ಹೊರಬಂದವರು ಹಳೆಯ ಪ್ರಮಾಣವನ್ನೇ ತೆಗೆದುಕೊಳ್ಳುತ್ತಾರೆ.

ಈ ಎರಡು ವಾರ ದಾಟಿಸಲು ಅದೇ ದಾರಿಯಲ್ಲಿ ನಡೆದವರು ಬೇಕು. ಡೆಟ್ರಾಯಿಟ್ ಇರುವ ಮಿಶಿಗನ್‌ನಲ್ಲಿ ಅವರನ್ನು ಪೀರ್ ರಿಕವರಿ ಕೋಚ್ ಎನ್ನುತ್ತಾರೆ. ಅವರು ವೈದ್ಯರಲ್ಲ, ವ್ಯಸನದಿಂದ ತಾವೇ ಎದ್ದುಬಂದು, ತರಬೇತಿ ಪಡೆದವರು. ಅವರ ಪರಿಚಯ ಜೈಲಿನೊಳಗೇ ಆಗಬೇಕು. ಮೊದಲ ರಾತ್ರಿ ಎಲ್ಲಿ ಮಲಗುವುದು, ಬ್ಯುಪ್ರೆನಾರ್ಫಿನ್ ಔಷಧ ಮರುದಿನ ಎಲ್ಲಿ ಸಿಗುತ್ತದೆ, ಗುರುತಿನ ಚೀಟಿ, ಮೆಡಿಕೈಡ್ ಹೇಗೆ — ಇವೆಲ್ಲ ಬಾಗಿಲು ತೆರೆಯುವ ಮೊದಲೇ ಗೊತ್ತಾಗಿರಬೇಕು. "ಮತ್ತೆ ಎಡವಿದೆ" ಎಂದು ನಾಚಿಕೆಯಿಲ್ಲದೆ ಹೇಳಿಕೊಳ್ಳಬಹುದಾದ ಒಬ್ಬರು ಇದ್ದರೆ, ಆ ಎಡವು ಸಾವಾಗದೆ ಉಳಿಯಬಹುದು.

ಶಿಕಾಗೊದ ಕುಕ್ ಕೌಂಟಿ ಜೈಲು, ಅಪಾಯದಲ್ಲಿರುವವರು ಹೊರಡುವಾಗ ನಲಾಕ್ಸೋನ್ ಕೊಟ್ಟು ಕಳಿಸುವ ಕ್ರಮವನ್ನು ರೂಢಿಸಿತು. ಹೆರಾಯಿನ್, ಫೆಂಟನಿಲ್‌ನಿಂದ ನಿಂತ ಉಸಿರನ್ನು ಮರಳಿಸುವ ಔಷಧವದು. ಆದರೆ ಅದನ್ನು ಸೇವಿಸಿದವರೇ ಹಾಕಿಕೊಳ್ಳಲಾಗದು, ಪಕ್ಕದಲ್ಲಿ ಒಬ್ಬರಿರಬೇಕು.

"ಮಗ ಬೇರೆ ಊರಿನಲ್ಲಿದ್ದಾನೆ" ಎಂದು ಮುಚ್ಚಿಡುವ ಮನೆ ನಮ್ಮ ಕೂಟಗಳಲ್ಲೂ ಇರಬಹುದು. ನಲಾಕ್ಸೋನ್ ಮೂಗಿನ ಸ್ಪ್ರೇ 2023ರಿಂದ ವೈದ್ಯರ ಚೀಟಿಯಿಲ್ಲದೆ ಸಿಗುತ್ತಿದೆ. ಅದನ್ನು ಮನೆಯಲ್ಲಿಡಿ. ಅಂಥ ಮನೆಯ ಬಾಗಿಲನ್ನು ಒಮ್ಮೆ ತಟ್ಟಿ.