ಯಂತ್ರ ಕೆಡುವ ಮೊದಲೇ: ಮೀಟರ್ ರೀಡಿಂಗ್ ನೋಡಿ ಸರ್ವಿಸ್ ಮಾಡುವ ಬಗೆ

ಹಾವೇರಿ ಜಿಲ್ಲೆಯಲ್ಲಿ ಯಂತ್ರಗಳಿಗೆ ವರ್ಷವಿಡೀ ಒಂದೇ ಸಮನೆ ಕೆಲಸ ಇರುವುದಿಲ್ಲ. ಗೋವಿನಜೋಳದ ರಾಶಿ ಶುರುವಾಯಿತೆಂದರೆ ಹಾವೇರಿ, ರಾಣೆಬೆನ್ನೂರು ಸುತ್ತಲಿನ ಟ್ರ್ಯಾಕ್ಟರ್‌ಗಳಿಗೆ ಬಿಡುವೇ ಇಲ್ಲ. ಬ್ಯಾಡಗಿ ಮಾರುಕಟ್ಟೆಗೆ ಚಳಿಗಾಲದಲ್ಲಿ ಮೆಣಸಿನಕಾಯಿ ಆವಕ ಏರತೊಡಗಿ, ಬೇಸಿಗೆಯ ಹೊತ್ತಿಗೆ ಊರಿನ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಚೀಲಗಳು ತುಂಬುತ್ತವೆ. ಮಳೆ ಕೈಕೊಟ್ಟ ವರ್ಷ ಕೊಳವೆಬಾವಿಯ ಮೋಟರ್ ಕರೆಂಟ್ ಇರುವಷ್ಟು ಹೊತ್ತೂ ಓಡುತ್ತದೆ, ಮಳೆ ಚೆನ್ನಾಗಿ ಆದ ವರ್ಷ ವಾರಗಟ್ಟಲೆ ಸುಮ್ಮನಿರುತ್ತದೆ.

ಇಂಥ ಕಡೆ ‘ಆರು ತಿಂಗಳಿಗೊಮ್ಮೆ ಸರ್ವಿಸ್’ ಎಂಬ ರೂಢಿಯಿಂದ ಎರಡು ಕಡೆ ನಷ್ಟ. ಸುಗ್ಗಿಯಲ್ಲಿ ಆಯಿಲ್ ಬದಲಿಸುವುದು ತಡವಾಗುತ್ತದೆ, ಕೆಲಸವಿಲ್ಲದ ಕಾಲದಲ್ಲಿ ಒಳ್ಳೆಯ ಆಯಿಲ್ ಚೆಲ್ಲಬೇಕಾಗುತ್ತದೆ. ಯಂತ್ರ ಎಷ್ಟು ದುಡಿದಿದೆ ಎಂಬುದು ಕ್ಯಾಲೆಂಡರ್‌ಗೆ ಗೊತ್ತಿಲ್ಲ, ಮೀಟರ್‌ಗೆ ಗೊತ್ತು.

ಎರಡು ಬಗೆಯ ರೀಡಿಂಗ್

ಮೊದಲನೆಯದು ಕೂಡುತ್ತ ಹೋಗುವ ರೀಡಿಂಗ್: ಓಡಿದ ಗಂಟೆ, ಕಿಲೋಮೀಟರ್, ವಿದ್ಯುತ್ ಯೂನಿಟ್. ಇದು ಹಿಂದಕ್ಕೆ ಹೋಗುವುದಿಲ್ಲ. ಇಲ್ಲಿ ಬೇಕಾದದ್ದು ಎರಡು ರೀಡಿಂಗ್‌ಗಳ ನಡುವಿನ ವ್ಯತ್ಯಾಸ. ಎರಡನೆಯದು ಏರಿಳಿಯುವ ರೀಡಿಂಗ್: ಒತ್ತಡ, ಉಷ್ಣತೆ, ವೋಲ್ಟೇಜ್, ಆಂಪಿಯರ್. ಇದರಲ್ಲಿ ಯಂತ್ರ ಈ ಹೊತ್ತು ಹೇಗಿದೆ ಎಂಬುದು ತಿಳಿಯುತ್ತದೆ. ಮೊದಲನೆಯದು ಸರ್ವಿಸ್ ಯಾವಾಗ ಎಂದು ಹೇಳಿದರೆ, ಎರಡನೆಯದು ಸರ್ವಿಸ್‌ವರೆಗೆ ಕಾಯಬಹುದೇ ಎಂದು ಹೇಳುತ್ತದೆ.

ಎರಡು ರೀಡಿಂಗ್ ಸೇರಿದರೆ ಮೂರನೆಯ ಸುದ್ದಿ ಸಿಗುತ್ತದೆ. ಬಸ್ ಡಿಪೋಗಳಲ್ಲಿ ಎಲ್ಲರ ಬಾಯಲ್ಲೂ ಇರುವ ‘ಕೆಎಂಪಿಎಲ್’ ಅಂಥದ್ದು: ಒಂದು ಲೀಟರ್ ಡೀಸೆಲ್‌ಗೆ ಬಸ್ ಎಷ್ಟು ಕಿಲೋಮೀಟರ್ ಓಡಿತು ಎಂಬ ಲೆಕ್ಕ. ಅದೇ ಮಾರ್ಗದಲ್ಲಿ ಅದೇ ಬಸ್‌ನ ಕೆಎಂಪಿಎಲ್ ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ, ಬ್ರೇಕ್ ಹಿಡಿದುಕೊಂಡಿದೆಯೇ, ಟಯರ್‌ನಲ್ಲಿ ಗಾಳಿ ಕಡಿಮೆಯೇ, ಏರ್ ಫಿಲ್ಟರ್ ಕಟ್ಟಿದೆಯೇ ಎಂದು ನೋಡಬೇಕು.

ನಿಂತಲ್ಲೇ ದುಡಿಯುವ ಟ್ರ್ಯಾಕ್ಟರ್

ರಾಶಿ ಮಷಿನ್‌ಗೆ ಜೋಡಿಸಿದ ಟ್ರ್ಯಾಕ್ಟರ್ ದಿನವಿಡೀ ದುಡಿದರೂ ಒಂದು ಕಿಲೋಮೀಟರ್ ಸಾಗಿರುವುದಿಲ್ಲ. ಅದಕ್ಕೇ ಟ್ರ್ಯಾಕ್ಟರ್‌ನ ಸರ್ವಿಸ್ ಲೆಕ್ಕ ನಡೆಯುವುದು ಅವರ್ ಮೀಟರ್ ಮೇಲೆ. ಯಾಂತ್ರಿಕ ಅವರ್ ಮೀಟರ್ ಎಣಿಸುವುದು ಎಂಜಿನ್ನಿನ ಸುತ್ತುಗಳನ್ನು. ನಿಗದಿತ ವೇಗದಲ್ಲಿ ಓಡಿದರೆ ಗಂಟೆಗೆ ಒಂದು ಅಂಕಿ ಏರುತ್ತದೆ, ಎಂಜಿನ್ ನಿಧಾನವಾಗಿದ್ದರೆ ಅಂಕಿಯೂ ನಿಧಾನ. ಹಾಗಾಗಿ ಅದು ದುಡಿಮೆಯ ಲೆಕ್ಕಕ್ಕೆ ಹತ್ತಿರ.

ಹಲವು ಮಾದರಿಗಳಲ್ಲಿ ಎಂಜಿನ್ ಆಯಿಲ್ ಬದಲಿಸುವ ಅವಧಿ 250 ಗಂಟೆ. ನಿಮ್ಮ ಟ್ರ್ಯಾಕ್ಟರ್ ಜೊತೆ ಬಂದ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದನ್ನೇ ಹಿಡಿಯಿರಿ. ಒಂದು ಲೆಕ್ಕ ನೋಡೋಣ. ಹಿಂದಿನ ಸಲ ಆಯಿಲ್ ಬದಲಿಸಿದಾಗ ಮೀಟರ್‌ನಲ್ಲಿ 1,240 ಇತ್ತು. ಮುಂದಿನ ಬದಲಾವಣೆ 1,490ಕ್ಕೆ. ಈಗ ಮೀಟರ್ 1,394 ತೋರಿಸುತ್ತಿದೆ, ಅಂದರೆ ಉಳಿದದ್ದು 96 ಗಂಟೆ. ರಾಶಿ ಕಾಲದಲ್ಲಿ ದಿನಕ್ಕೆ 8 ಗಂಟೆ ಏರುತ್ತಿದ್ದರೆ 12 ದಿನ ಮಾತ್ರ! ಆಯಿಲ್, ಫಿಲ್ಟರ್ ಇಂದೇ ತಂದಿಡಬಹುದು, ರಾಶಿ ಇಲ್ಲದ ಒಂದು ಬೆಳಿಗ್ಗೆಯನ್ನು ಸರ್ವಿಸ್‌ಗೆ ಗೊತ್ತು ಮಾಡಬಹುದು. ರೀಡಿಂಗ್ ಬರೆದಿಟ್ಟವರಿಗೆ ಇಂಥ ಬಿಡುವು ಮೊದಲೇ ಕಾಣುತ್ತದೆ.

ಬ್ಯಾಡಗಿಯ ತಣ್ಣನೆಯ ಗೋದಾಮು

ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಅದರ ಕಡುಗೆಂಪು ಬಣ್ಣಕ್ಕೆ. ಸೆಕೆ, ಬೆಳಕುಗಳಲ್ಲಿ ಆ ಬಣ್ಣ ಮಾಸುತ್ತದೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಪಡೆದ ಈ ಬೆಳೆಯನ್ನು ತಿಂಗಳುಗಟ್ಟಲೆ ಕಾಯುವುದು ಕೋಲ್ಡ್ ಸ್ಟೋರೇಜ್.

ಅಮೋನಿಯಾ ಬಳಸುವ ಘಟಕವೊಂದನ್ನು ಗಮನಿಸೋಣ. ಕೋಣೆಯ ಉಷ್ಣತೆ ಸರಿಯಾಗಿದ್ದರೆ ಯಂತ್ರವೂ ಸರಿಯಾಗಿದೆ ಎಂದು ಅನಿಸುವುದು ಸಹಜ. ಆದರೆ ಕೆಡುಕನ್ನು ಎಲ್ಲಕ್ಕಿಂತ ತಡವಾಗಿ ಹೇಳುವುದು ಅದೇ ಮೀಟರ್. ಕೊಳವೆಬಾವಿಯ ಗಡಸು ನೀರಿನಿಂದ ಕಂಡೆನ್ಸರ್ ಕೊಳವೆಗಳಿಗೆ ಸುಣ್ಣದ ಪದರ ಕಟ್ಟುತ್ತದೆ. ಬಿಸಿ ಹೊರಹೋಗುವುದು ಕಷ್ಟವಾಗುತ್ತದೆ. ಕಂಪ್ರೆಸರ್ ಹೆಚ್ಚು ಒತ್ತಡದ ಎದುರು, ಹೆಚ್ಚು ಹೊತ್ತು ಓಡಿ ಕೋಣೆಯನ್ನು ಮೊದಲಿನಷ್ಟೇ ತಣ್ಣಗೆ ಇಡುತ್ತದೆ. ಥರ್ಮಾಮೀಟರ್‌ನಲ್ಲಿ ಯಾವ ಬದಲಾವಣೆಯೂ ಕಾಣುವುದಿಲ್ಲ. ಡಿಸ್ಚಾರ್ಜ್ ಪ್ರೆಷರ್ ಗೇಜ್, ಅವರ್ ಮೀಟರ್, ವಿದ್ಯುತ್ ಮೀಟರ್ ಮೂರೂ ಮಾತ್ರ ಏರುತ್ತಿರುತ್ತವೆ. ಕಂಡೆನ್ಸರ್‌ನ ಉಷ್ಣತೆ 1 ಡಿಗ್ರಿ ಏರಿದರೆ ಕಂಪ್ರೆಸರ್ ಎಳೆಯುವ ವಿದ್ಯುತ್ ಸುಮಾರು ಶೇ 2ರಿಂದ 3ರಷ್ಟು ಹೆಚ್ಚುತ್ತದೆ ಎಂಬುದು ಈ ಕಸುಬಿನ ಅಂದಾಜು. 5 ಡಿಗ್ರಿ ಏರಿದರೆ ಶೇ 10ರಿಂದ 15.

ಬೇಸಿಗೆ ಬಂದರೆ ಒತ್ತಡ ಹೇಗೂ ಸ್ವಲ್ಪ ಏರುತ್ತದೆ. ಆದ್ದರಿಂದ ಏಪ್ರಿಲ್ ರೀಡಿಂಗನ್ನು ಜನವರಿಯದಕ್ಕೆ ಹೋಲಿಸುವುದಕ್ಕಿಂತ ಹಿಂದಿನ ವರ್ಷದ ಏಪ್ರಿಲ್‌ಗೆ ಹೋಲಿಸುವುದು ಸರಿ. ದಾಸ್ತಾನು, ಹವೆ ಎರಡೂ ಹೆಚ್ಚುಕಡಿಮೆ ಹಾಗೇ ಇದ್ದು ಅಂಕಿ ಏರಿದ್ದರೆ ಕಂಡೆನ್ಸರ್ ತೊಳೆಯುವ ಕಾಲ ಬಂದಿದೆ. ವ್ಯವಸ್ಥೆಯೊಳಗೆ ಗಾಳಿ ಸೇರಿದ್ದರೂ ಹೀಗೇ ಆಗುತ್ತದೆ. ಅಮೋನಿಯಾ ಅಪಾಯಕಾರಿ ಅನಿಲವಾದ್ದರಿಂದ ಬಿಚ್ಚುವ ಕೆಲಸ ತರಬೇತಾದ ತಂತ್ರಜ್ಞರದ್ದೇ. ರೀಡಿಂಗ್ ಬರೆಯುವುದನ್ನಂತೂ ಪಾಳಿಯಲ್ಲಿರುವ ಯಾರು ಬೇಕಾದರೂ ಮಾಡಬಹುದು.

ಬಿಲ್ ಬರದ ಮೋಟರ್

10 ಎಚ್‌ಪಿವರೆಗಿನ ಕೃಷಿ ಪಂಪ್‌ಸೆಟ್‌ಗೆ ನಮ್ಮ ರಾಜ್ಯದ ರೈತರು ವಿದ್ಯುತ್ ಬಿಲ್ ಕಟ್ಟುವುದಿಲ್ಲ. ಹಾಗಾಗಿ ಮೋಟರ್ ಹೆಚ್ಚು ವಿದ್ಯುತ್ ಎಳೆಯುತ್ತಿದ್ದರೂ ಬಿಲ್ ನೋಡಿ ಎಚ್ಚರಗೊಳ್ಳುವ ದಾರಿ ಇಲ್ಲ. ಸ್ಟಾರ್ಟರ್ ಪೆಟ್ಟಿಗೆಯ ವೋಲ್ಟ್ ಮೀಟರ್, ಆಂಪಿಯರ್ ಮೀಟರ್‌ಗಳೇ ದಿಕ್ಕು. ಎರಡನ್ನೂ ಒಟ್ಟಿಗೆ ಓದಬೇಕು, ಏಕೆಂದರೆ ವೋಲ್ಟೇಜ್ ಇಳಿದಾಗ ಮೋಟರ್ ಹೆಚ್ಚು ಆಂಪಿಯರ್ ಎಳೆದು ಕಾಯುತ್ತದೆ.

ವೋಲ್ಟೇಜ್ ಎಂದಿನಂತಿದ್ದೂ ಆಂಪಿಯರ್ ಏರಿದ್ದರೆ ಬೇರಿಂಗ್ ಬಿಗಿಯಾಗಿರಬಹುದು, ಮರಳು ಸಿಕ್ಕಿಕೊಂಡಿರಬಹುದು. ಆಂಪಿಯರ್ ಇಳಿದು ನೀರೂ ಕಡಿಮೆಯಾದರೆ ಬಾವಿಯ ನೀರಿನ ಮಟ್ಟ ಕುಸಿದಿರಬಹುದು ಅಥವಾ ಪಂಪ್ ಒಳಗೆ ಸವೆದಿರಬಹುದು. ಆಂಪಿಯರ್ ಹಾಗೇ ಇದ್ದು ನೀರಷ್ಟೇ ಕಡಿಮೆಯಾದರೆ ಪೈಪ್ ಎಲ್ಲೋ ಸೋರುತ್ತಿರಬಹುದು. ನೀರು ಅಳೆಯಲು ಒಂದು ಡ್ರಮ್ ಸಾಕು. 200 ಲೀಟರ್ ಡ್ರಮ್ 40 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 5 ಲೀಟರ್. ಅದೇ ಡ್ರಮ್‌ಗೆ 50 ಸೆಕೆಂಡು ಹಿಡಿದರೆ 4 ಲೀಟರ್: ಐದರಲ್ಲಿ ಒಂದು ಪಾಲು ನೀರು ಕಡಿಮೆಯಾಗಿದೆ.

ಸುಮ್ಮನೆ ಬಿಚ್ಚಬೇಡಿ

ಗಂಟೆಯ ಲೆಕ್ಕಕ್ಕೂ ಮಿತಿ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಕೋಸ್ಟಲ್ ಕಮಾಂಡ್ ವಿಮಾನಗಳ ದಾಖಲೆಗಳನ್ನು ವಿಜ್ಞಾನಿ ಸಿ.ಎಚ್. ವಾಡಿಂಗ್ಟನ್ ಮತ್ತು ಸಂಗಡಿಗರು ಅಭ್ಯಸಿಸಿದರು. 50 ಗಂಟೆಯ ಪರೀಕ್ಷೆ ಮುಗಿದ ಬೆನ್ನಲ್ಲೇ ದುರಸ್ತಿಗಳು ಹೆಚ್ಚಿ, ಆಮೇಲೆ ಇಳಿಯುತ್ತಿದ್ದವು. ಚೆನ್ನಾಗಿದ್ದ ಭಾಗಗಳನ್ನು ಬಿಚ್ಚಿ ಜೋಡಿಸುವುದರಲ್ಲೇ ತೊಂದರೆ ಹುಟ್ಟುತ್ತಿತ್ತು. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೋಲನ್ ಮತ್ತು ಹೀಪ್ ಕೊಟ್ಟ ವರದಿಯ ಪ್ರಕಾರ, ಅವರು ಪರಿಶೀಲಿಸಿದ ವಿಮಾನ ಭಾಗಗಳಲ್ಲಿ ವಯಸ್ಸಾದಂತೆ ಕೆಡುವ ಲಕ್ಷಣ ತೋರಿದವು ಸುಮಾರು ಶೇ 11 ಮಾತ್ರ. ಆಯಿಲ್, ಫಿಲ್ಟರ್, ಬೆಲ್ಟ್‌ನಂಥ ಸವೆಯುವ ವಸ್ತುಗಳಿಗೆ ಗಂಟೆಯ ಲೆಕ್ಕ ಹಿಡಿಯಿರಿ. ಉಳಿದದ್ದನ್ನು ಬಿಚ್ಚುವ ಮೊದಲು ಒತ್ತಡ, ಉಷ್ಣತೆ, ಆಂಪಿಯರ್ ಏನು ಹೇಳುತ್ತಿವೆ ನೋಡಿ.

ವಹಿ ಮತ್ತು ಹೊಣೆ

ಇದಕ್ಕೆ ನೂರು ಪುಟದ ಒಂದು ನೋಟ್‌ಬುಕ್ ಸಾಕು. ತಾರೀಖು, ಹೊತ್ತು, ರೀಡಿಂಗ್, ಬರೆದವರ ಸಹಿ. ಯಂತ್ರ ಚೆನ್ನಾಗಿರುವಾಗಿನ ರೀಡಿಂಗ್ ಮೊದಲ ಪುಟದಲ್ಲಿರಲಿ, ಮುಂದಿನ ಹೋಲಿಕೆಗೆಲ್ಲ ಅದೇ ಆಧಾರ. ದಿನವೂ ಅದೇ ಹೊತ್ತಿಗೆ ಬರೆಯಿರಿ. ಅವರ್ ಮೀಟರ್ ಒಂದೇ ದಿನದಲ್ಲಿ 24ಕ್ಕಿಂತ ಹೆಚ್ಚು ಏರಿದ್ದರೆ ಬರೆದದ್ದು ತಪ್ಪಿದೆ ಅಥವಾ ಮೀಟರ್ ಕೆಟ್ಟಿದೆ. ಮೀಟರ್ ಬದಲಿಸಿದರೆ ಹಳೆಯದರ ಕೊನೆಯ ಅಂಕಿ, ಹೊಸದರ ಮೊದಲ ಅಂಕಿ ಎರಡನ್ನೂ ಬರೆಯಿರಿ, ಇಲ್ಲವಾದರೆ ಹಳೆಯ ಯಂತ್ರ ಕಾಗದದ ಮೇಲೆ ಹೊಸದಾಗಿಬಿಡುತ್ತದೆ.

ಪ್ರತಿ ರೀಡಿಂಗ್‌ಗೂ ಎರಡು ಗಡಿ ಮೊದಲೇ ಗೊತ್ತಾಗಿರಲಿ: ಒಂದು, ಮೆಕ್ಯಾನಿಕ್‌ಗೆ ಫೋನ್ ಮಾಡಬೇಕಾದ ಅಂಕಿ, ಇನ್ನೊಂದು, ಯಂತ್ರ ನಿಲ್ಲಿಸಬೇಕಾದ ಅಂಕಿ. ಎರಡನೆಯದು ಕಂಡ ಕೂಡಲೇ ಯಾರನ್ನೂ ಕೇಳದೆ ಸ್ವಿಚ್ ಆರಿಸುವ ಅಧಿಕಾರ ರೀಡಿಂಗ್ ಬರೆಯುವವರಿಗೆ ಇರಬೇಕು. ರಾತ್ರಿ ಪಾಳಿಯ ಕೆಲಸಗಾರ ಮಾಲೀಕರ ಮಾತಿಗೆ ಕಾಯುತ್ತ ಕೂತರೆ ಅಷ್ಟು ದಿನ ಬರೆದದ್ದೆಲ್ಲ ವ್ಯರ್ಥ. ಮೀಟರ್‌ಗೆ ಹಣ ಹಾಕುವ ಮಾಲೀಕರು ಅದನ್ನು ಓದುವವರ ಮೇಲೆ ನಂಬಿಕೆಯನ್ನೂ ಇಡಬೇಕು.