ಎರಡು ಲಂಬ ಅಕ್ಷಗಳ ನಕ್ಷೆ: ಹುಳು ಮನೆಯ ಲೆಕ್ಕದಿಂದ ಒಂದು ಪಾಠ

ಬೋಧನಾಭ್ಯಾಸಕ್ಕೆಂದು ಅಕ್ಕೂರಿಗೆ ಹೋಗಿದ್ದಾಗ ಒಂಬತ್ತನೇ ತರಗತಿಗೆ ಸ್ಪ್ರೆಡ್‌ಶೀಟಿನಲ್ಲಿ ರೇಖಾನಕ್ಷೆ ಬರೆಯುವುದನ್ನು ಕಲಿಸಬೇಕಿತ್ತು. ಚನ್ನಪಟ್ಟಣ, ರಾಮನಗರದ ಕಡೆಯ ಮಕ್ಕಳಿಗೆ ರೇಷ್ಮೆ ಹೊಸದಲ್ಲ. ಹಾಗಾಗಿ ಉದಾಹರಣೆಯನ್ನು ಹುಳು ಮನೆಯಿಂದಲೇ ಆರಿಸಿಕೊಂಡೆ.

ರೇಷ್ಮೆ ಹುಳು ನಾಲ್ಕು ಸಲ ಜ್ವರಕ್ಕೆ ಕೂತು, ಅಂದರೆ ಪೊರೆ ಬಿಟ್ಟು, ಐದು ಹಂತಗಳಲ್ಲಿ ಬೆಳೆಯುತ್ತದೆ. ಚಾಕಿ ಹುಳುವಿಗೆ ಶಾಖವೂ ತೇವವೂ ಹೆಚ್ಚು ಬೇಕು. ಬೆಳೆದಂತೆ ಎರಡೂ ಕಡಿಮೆ ಸಾಕು. ಸಾಮಾನ್ಯವಾಗಿ ಸೂಚಿಸುವ ಪ್ರಮಾಣ ಸುಮಾರಾಗಿ ಹೀಗಿದೆ:

ಹಂತ: 1, 2, 3, 4, 5
ಉಷ್ಣಾಂಶ (ಡಿಗ್ರಿ ಸೆಲ್ಸಿಯಸ್): 28, 27, 26, 25, 24
ಸಾಪೇಕ್ಷ ಆರ್ದ್ರತೆ (ಶೇಕಡಾ): 85, 85, 80, 75, 70

ಎರಡನೇ ಅಕ್ಷ ಏಕೆ?

0ಯಿಂದ 100ರವರೆಗಿನ ಒಂದೇ ಲಂಬ ಅಕ್ಷದಲ್ಲಿ ಎರಡನ್ನೂ ಬರೆದರೆ ಉಷ್ಣಾಂಶದ ಗೆರೆ ಕೆಳಗೆ ಹೆಚ್ಚುಕಡಿಮೆ ಚಪ್ಪಟೆಯಾಗಿ ಮಲಗುತ್ತದೆ. ಹುಳು ಸಾಕುವವರಿಗೆ ನಾಲ್ಕು ಡಿಗ್ರಿ ದೊಡ್ಡ ಮಾತು. ನಕ್ಷೆಯಲ್ಲಿ ಅದು ಕಾಣುವುದೇ ಇಲ್ಲ. ಮೇಲಾಗಿ ಎರಡರ ಮಾನಗಳೂ ಬೇರೆ. ಆದ್ದರಿಂದ ಒಂದನ್ನು ಬಲಗಡೆಯ ಅಕ್ಷಕ್ಕೆ ಒಯ್ಯುತ್ತೇವೆ.

ಮಾಡುವ ಕ್ರಮ (ಲಿಬ್ರೆಆಫೀಸ್ ಕ್ಯಾಲ್ಕ್)

1. ಮೂರು ಕಂಬಸಾಲುಗಳಲ್ಲಿ ದತ್ತಾಂಶ ತುಂಬಿ, ಆಯ್ಕೆ ಮಾಡಿ, ಇನ್ಸರ್ಟ್ ಮೆನುವಿನಲ್ಲಿ ಚಾರ್ಟ್ ಒತ್ತಿ. ಲೈನ್ ಬಗೆಯನ್ನು ಆರಿಸಿ, ಮೊದಲ ಕಂಬಸಾಲನ್ನು ಲೇಬಲ್ ಎಂದು ಗುರುತಿಸಿ. ಇಲ್ಲದಿದ್ದರೆ ಹಂತದ ಸಂಖ್ಯೆಯೂ ಒಂದು ಗೆರೆಯಾಗಿ ಬಿಡುತ್ತದೆ.
2. ಆರ್ದ್ರತೆಯ ಗೆರೆಯ ಮೇಲೆ ಬಲ ಕ್ಲಿಕ್ ಮಾಡಿ, ಫಾರ್ಮ್ಯಾಟ್ ಡೇಟಾ ಸೀರೀಸ್ ತೆರೆದು, ಆಪ್ಷನ್ಸ್‌ನಲ್ಲಿ ಸೆಕೆಂಡರಿ ವೈ ಆಕ್ಸಿಸ್ ಗುರುತಿಸಿ. ಎಕ್ಸೆಲ್‌ನಲ್ಲಿಯೂ ದಾರಿ ಇದೇ ರೀತಿಯದು.
3. ಎರಡೂ ಅಕ್ಷಗಳಿಗೆ ಹೆಸರು, ಮಾನ ಬರೆಯಿರಿ. ಅಕ್ಷಕ್ಕೂ ಅದರ ಗೆರೆಗೂ ಒಂದೇ ಬಣ್ಣ ಕೊಡಿ.

ನಾನು ಎಡವಿದ್ದು

ಎಡ ಅಕ್ಷಕ್ಕೆ 20ರಿಂದ 30, ಬಲ ಅಕ್ಷಕ್ಕೆ 65ರಿಂದ 90 ಕೊಟ್ಟಿದ್ದೆ. ಎರಡು ಗೆರೆಗಳೂ ಮೂರನೇ ಹಂತದಲ್ಲಿ ಅಂದವಾಗಿ ಒಂದನ್ನೊಂದು ದಾಟಿದವು. ಒಬ್ಬ ಹುಡುಗ ಕೇಳಿದ: "ಮಿಸ್, ಅಲ್ಲಿ ಶಾಖ, ತೇವ ಎರಡೂ ಸಮ ಆಯ್ತವಾ?" ಯೋಚಿಸದೆ "ಹೌದು, ಅಲ್ಲಿ ಎರಡೂ ಸಮತೋಲನಕ್ಕೆ ಬರುತ್ತವೆ" ಎಂದುಬಿಟ್ಟೆ. ಹಿಂದಿನ ಬೆಂಚಿನ ಹುಡುಗಿ ಮೆಲ್ಲಗೆ ಅಂದಳು: "26 ಎಲ್ಲಿ, 80 ಎಲ್ಲಿ ಮಿಸ್?"

ಅವಳ ಮಾತು ಸರಿ. ಡಿಗ್ರಿಯೂ ಶೇಕಡಾವೂ ಸಮವಾಗಲು ಸಾಧ್ಯವೇ ಇಲ್ಲ. ಗೆರೆಗಳು ದಾಟಿದ್ದು ಹುಳು ಮನೆಯಲ್ಲಿ ಅಲ್ಲ, ನಾನು ಆರಿಸಿದ ಅಳತೆಯಲ್ಲಿ.

ಮರುದಿನ ಅದೇ ನಕ್ಷೆಯನ್ನು ತೆರೆದು, ತಪ್ಪು ಹೇಳಿದ್ದೆ ಎಂದು ಒಪ್ಪಿಕೊಂಡು, ಮಕ್ಕಳ ಕೈಯಲ್ಲೇ ಬಲ ಅಕ್ಷವನ್ನು ಬದಲಿಸಿಸಿದೆ. 0ಯಿಂದ 100 ಕೊಟ್ಟಾಗ ಗೆರೆಗಳು ಎಲ್ಲೂ ಸಂಧಿಸಲಿಲ್ಲ. 50ರಿಂದ 100 ಕೊಟ್ಟಾಗ ಎರಡನೇ ಹಂತದಿಂದ ಐದನೆಯವರೆಗೆ ಒಂದರ ಮೇಲೊಂದು ಕೂತವು. ದತ್ತಾಂಶದ ಒಂದು ಅಂಕಿಯೂ ಬದಲಾಗಿರಲಿಲ್ಲ. ಮೊದಲ ದಿನಕ್ಕಿಂತ ಈ ಹತ್ತು ನಿಮಿಷದಲ್ಲೇ ಮಕ್ಕಳು ಹೆಚ್ಚು ಕಲಿತರು, ನಾನೂ ಕಲಿತೆ.

ತರಗತಿಯಲ್ಲಿ ಗಮನಿಸಬೇಕಾದದ್ದು

ಇಂಥ ನಕ್ಷೆಯಲ್ಲಿ ಓದಬಹುದಾದದ್ದು ಪ್ರತಿ ಗೆರೆಯ ಏರಿಳಿತ ಮತ್ತು ಅದು ಯಾವ ಹಂತದಲ್ಲಿ ಆಯಿತು ಎಂಬುದು. ಓದಬಾರದ್ದು ಗೆರೆಗಳು ದಾಟುವ ಬಿಂದು, ಅವುಗಳ ನಡುವಿನ ಅಂತರ ಮತ್ತು ಯಾವುದು ಹೆಚ್ಚು ಕಡಿದಾಗಿ ಇಳಿಯಿತು ಎಂಬ ಹೋಲಿಕೆ. ಎರಡು ಗೆರೆಗಳು ಜೊತೆಯಾಗಿ ಇಳಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದೂ ಹೇಳಲಾಗದು.

ಮಕ್ಕಳಿಗೆ ಗೊಂದಲವಾದರೆ ಒಂದೇ ಅಡ್ಡ ಅಕ್ಷದ ಅಳತೆಯಲ್ಲಿ ಎರಡು ನಕ್ಷೆಗಳನ್ನು ಒಂದರ ಕೆಳಗೊಂದು ಬರೆಸಿ. ಹಂತಗಳು ನೇರಕ್ಕೆ ಸಿಗುತ್ತವೆ, ಗೆರೆಗಳು ದಾಟುವ ಪ್ರಶ್ನೆಯೇ ಬರುವುದಿಲ್ಲ.

ಪಾಠಯೋಜನೆಯ ಮೌಲ್ಯಮಾಪನ ಕಲಂನಲ್ಲಿ ನಾನು ಮೊದಲು "ನಕ್ಷೆ ರಚಿಸುವನು" ಎಂದಷ್ಟೇ ಬರೆದಿದ್ದೆ. ಈಗ ಇನ್ನೊಂದು ಸಾಲು ಸೇರಿಸಿದ್ದೇನೆ: "ಅಕ್ಷದ ಅಳತೆ ಬದಲಿಸಿದಾಗ ಯಾವುದು ಬದಲಾಯಿತು, ಯಾವುದು ಬದಲಾಗಲಿಲ್ಲ ಎಂದು ವಿವರಿಸುವನು."