ಅಂಕಿಗಳಿಂದ ಅರಿವಿಗೆ: ಮಣಲಿಯ ಗಾಳಿ ಮತ್ತು ಗಣಕಯಂತ್ರ

ಚೆನ್ನೈನ ಉತ್ತರ ಭಾಗದಲ್ಲಿರುವ ಮಣಲಿಯು ದೇಶದ ಪ್ರಮುಖ ಕೈಗಾರಿಕಾ ಪ್ರದೇಶಗಳಲ್ಲೊಂದು. ತೈಲ ಶುದ್ಧೀಕರಣ, ರಸಗೊಬ್ಬರ ಹಾಗೂ ಪೆಟ್ರೋರಾಸಾಯನಿಕ ಘಟಕಗಳ ಸಮೀಪದಲ್ಲಿಯೇ ಇಲ್ಲಿ ಜನವಸತಿಯೂ ಇದೆ. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 88 ಕೈಗಾರಿಕಾ ಪ್ರದೇಶಗಳನ್ನು ಪರಿಶೀಲಿಸಿ, ಅವುಗಳಲ್ಲಿ 43ನ್ನು ತೀವ್ರವಾಗಿ ಮಲಿನಗೊಂಡ ಪ್ರದೇಶಗಳೆಂದು ಗುರುತಿಸಿತು. ಮಣಲಿಯೊಂದಿಗೆ ಕರ್ನಾಟಕದ ಮಂಗಳೂರು ಮತ್ತು ಭದ್ರಾವತಿಗಳೂ ಆ ಪಟ್ಟಿಯಲ್ಲಿದ್ದವು. ಆದ್ದರಿಂದ ಇಂತಹ ಸ್ಥಳಗಳ ಗಾಳಿಯನ್ನು ಅಳೆಯುವುದು ಜನಾರೋಗ್ಯಕ್ಕೆ ನೇರವಾಗಿ ಸಂಬಂಧಿಸಿದ ಕಾರ್ಯವಾಗಿದೆ.

ನಿರಂತರ ಮಾಪನ ಕೇಂದ್ರದ ಉಪಕರಣಗಳು ಹಗಲಿರುಳೂ ಗಾಳಿಯನ್ನು ಅಳೆಯುತ್ತವೆ. ಹದಿನೈದು ನಿಮಿಷಕ್ಕೊಂದರಂತೆ ದಾಖಲಿಸಿದರೆ ಒಂದು ಮಾಲಿನ್ಯಕಾರಕಕ್ಕೆ ದಿನಕ್ಕೆ 96, ವರ್ಷಕ್ಕೆ 35,040 ಅಂಕಿಗಳು ದೊರೆಯುತ್ತವೆ. ಹತ್ತು ಅಂಶಗಳನ್ನು ಅಳೆಯುವ ಒಂದೇ ಕೇಂದ್ರದಲ್ಲಿ ಇವು ಮೂರೂವರೆ ಲಕ್ಷವನ್ನು ಮೀರುತ್ತವೆ. ಇಷ್ಟು ಅಂಕಿಗಳನ್ನು ಕಣ್ಣಿನಿಂದ ಓದಿ ಅರ್ಥ ಮಾಡಿಕೊಳ್ಳುವುದು ಅಸಾಧ್ಯ. ಗಣಕಯಂತ್ರದ ನೆರವು ಅನಿವಾರ್ಯ.

ಸರಾಸರಿ ತೆಗೆಯುವುದು ಸುಲಭ ವಿಧಾನವಾದರೂ ಅದು ಸತ್ಯವನ್ನು ಮರೆಮಾಡಬಲ್ಲದು. ಉದಾಹರಣೆಗೆ, 23 ಗಂಟೆಗಳ ಕಾಲ ಘನ ಮೀಟರಿಗೆ 20 ಮೈಕ್ರೋಗ್ರಾಂನಷ್ಟಿದ್ದ ಗಂಧಕದ ಡೈಆಕ್ಸೈಡು ಒಂದು ಗಂಟೆ ಮಾತ್ರ 500ಕ್ಕೆ ಏರಿತೆಂದು ಭಾವಿಸೋಣ. ದಿನದ ಸರಾಸರಿ ಕೇವಲ 40. 24 ಗಂಟೆಗಳ ರಾಷ್ಟ್ರೀಯ ಮಿತಿ 80 ಆಗಿರುವುದರಿಂದ ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಆದರೆ ಆ ಒಂದು ಗಂಟೆಯಲ್ಲಿ ಉಬ್ಬಸ ರೋಗಿಯು ಪಟ್ಟ ಕಷ್ಟ ಸರಾಸರಿಯಲ್ಲಿ ಕಾಣುವುದಿಲ್ಲ.

ಈ ಕೊರತೆಯನ್ನು ಚಿತ್ರಗಳು ನೀಗಿಸುತ್ತವೆ. ದಿನಗಳನ್ನು ಅಡ್ಡಸಾಲಿನಲ್ಲಿಯೂ ಗಂಟೆಗಳನ್ನು ಕಂಬಸಾಲಿನಲ್ಲಿಯೂ ಇರಿಸಿ, ಪ್ರತಿ ಚೌಕಕ್ಕೆ ಪ್ರಮಾಣಾನುಸಾರ ಬಣ್ಣ ತುಂಬಿದರೆ, ಮಾಲಿನ್ಯವು ಯಾವ ವೇಳೆಯಲ್ಲಿ ಮರಳಿ ಮರಳಿ ಏರುತ್ತದೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಗಾಳಿ ಬೀಸುವ ದಿಕ್ಕು ಹಾಗೂ ವೇಗದೊಡನೆ ಮಾಲಿನ್ಯದ ಪ್ರಮಾಣವನ್ನು ಒಂದು ವೃತ್ತದಲ್ಲಿ ಗುರುತಿಸಿದರೆ, ಹೊಗೆಯು ಯಾವ ಕಡೆಯಿಂದ ಬರುತ್ತಿದೆ ಎಂಬ ಸುಳಿವು ಸಿಗುತ್ತದೆ. ಮಣಲಿಯು ಕಡಲಿಗೆ ಸಮೀಪದಲ್ಲಿದ್ದು, ಕಡಲ ಗಾಳಿ ಮತ್ತು ನೆಲದ ಗಾಳಿಗಳು ದಿಕ್ಕು ಬದಲಿಸುವುದರಿಂದ ಈ ವಿಧಾನ ವಿಶೇಷವಾಗಿ ಉಪಯುಕ್ತ.

ಆದರೆ ಸುಳಿವು ಸಾಕ್ಷ್ಯವಲ್ಲ. ಚಿತ್ರವು ದಿಕ್ಕನ್ನು ತೋರಿಸೀತೇ ಹೊರತು ನಿರ್ದಿಷ್ಟ ಹೊಗೆಕೊಳವೆಯನ್ನಲ್ಲ. ಅದಕ್ಕೆ ಸ್ಥಳ ಪರಿಶೀಲನೆ ಅಗತ್ಯ. ಉಪಕರಣ ಕೆಟ್ಟು ಅಂಕಿ ದೊರೆಯದ ವೇಳೆಯನ್ನು ಸೊನ್ನೆಯೆಂದು ಎಣಿಸಿದರೆ ಮಲಿನ ಗಾಳಿಯೂ ಶುದ್ಧವೆಂದು ತೋರೀತು. ಅಂತಹ ಚೌಕಗಳನ್ನು ಬರಿದಾಗಿಯೇ ಬಿಡುವುದು ಸರಿಯಾದ ಕ್ರಮ.

2015ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ವಾಯು ಗುಣಮಟ್ಟ ಸೂಚ್ಯಂಕವೂ ಇದೇ ತತ್ತ್ವವನ್ನು ಸಾರ್ವಜನಿಕರಿಗೆ ತಲುಪಿಸುತ್ತದೆ. ಇದರಲ್ಲಿ ಮಾಲಿನ್ಯಕಾರಕಗಳ ಸರಾಸರಿಯನ್ನು ತೆಗೆಯದೆ, ಅತ್ಯಂತ ಕೆಟ್ಟ ಸ್ಥಿತಿಯಲ್ಲಿರುವ ಅಂಶವನ್ನೇ ಆಧರಿಸಿ, ಹಸಿರಿನಿಂದ ಕಡುಗೆಂಪಿನವರೆಗಿನ ಆರು ವರ್ಗಗಳಲ್ಲಿ ಒಂದನ್ನು ಸೂಚಿಸಲಾಗುತ್ತದೆ. ನಾಗರಿಕರು ಈ ಬಣ್ಣವನ್ನಷ್ಟೇ ನೋಡದೆ, ಅದಕ್ಕೆ ಕಾರಣವಾದ ಅಂಶ ಯಾವುದು, ಅಳತೆ ಎಷ್ಟು ಗಂಟೆಗಳದ್ದು ಎಂಬುದನ್ನೂ ಗಮನಿಸುವುದು ಒಳಿತು. ಹಾಗೆ ಓದಿದಾಗ ಮಾತ್ರ ಅಂಕಿಗಳು ಜನರ ಕೈಯಲ್ಲಿ ಸಾಧನವಾಗುತ್ತವೆ.